ತಿಳಿದ ಕಥೆಯ ನಿರೀಕ್ಷೆ: ಗ್ರೀಕ್ ರುದ್ರನಾಟಕ, ತಾರಾ ಕಲಾವಿದರು ಮತ್ತು ಕರಾವಳಿಯ ಪ್ರೇಕ್ಷಕ

ಬಂಟ್ವಾಳದಿಂದ ಚಾರ್ಮಾಡಿ ಘಾಟಿಯತ್ತ ಸಾಗುವ ಹೆದ್ದಾರಿಯಿಂದ ವೇಣೂರು, ಮೂಡುಬಿದಿರೆಗಳ ಕಡೆಗೆ ದಾರಿ ಕವಲೊಡೆಯುವ ಊರು ಗುರುವಾಯನಕೆರೆ. ಇಂತಹ ಮಾರ್ಗಸಂಧಿಗಳಿಗೆ ಕರಾವಳಿಯ ರಂಗಭೂಮಿಯ ಇತಿಹಾಸದಲ್ಲಿ ಒಂದು ವಿಶೇಷ ಸ್ಥಾನವಿದೆ. ಡೇರೆ ಮೇಳಗಳ ಕಾಲದಲ್ಲಿ ಧ್ವನಿವರ್ಧಕ ಕಟ್ಟಿದ ವಾಹನಗಳು ಪ್ರಸಂಗದ ಹೆಸರನ್ನೂ ಕಲಾವಿದರ ಹೆಸರುಗಳನ್ನೂ ಸಾರುತ್ತ, ಕರಪತ್ರಗಳನ್ನು ಚೆಲ್ಲುತ್ತ ಹಾದುಹೋಗುತ್ತಿದ್ದುದು ಇಂತಹ ದಾರಿಗಳಲ್ಲಿಯೇ. ಆ ಕರಪತ್ರವನ್ನು ಕೈಗೆತ್ತಿಕೊಂಡ ಪ್ರೇಕ್ಷಕನು ಪ್ರಸಂಗದ ಹೆಸರನ್ನು ಒಮ್ಮೆ ನೋಡಿ, ಬಳಿಕ ಕಲಾವಿದರ ಪಟ್ಟಿಯ ಮೇಲೆ ಕಣ್ಣು ನೆಡುತ್ತಿದ್ದನು. ಕರ್ಣನು ಸಾಯುವನೆಂಬುದು ಅವನಿಗೆ ಗೊತ್ತು. ಆ ರಾತ್ರಿ ಕರ್ಣನಾಗುವವರು ಯಾರು, ಎದುರಿಗೆ ಕೃಷ್ಣನಾಗಿ ಬರುವವರು ಯಾರು ಎಂಬುದಷ್ಟೇ ಅವನಿಗೆ ಬೇಕಾಗಿದ್ದ ಸುದ್ದಿ.

ತಿಳಿದ ಕಥೆಗಾಗಿ ಹೀಗೆ ಕಾತರದಿಂದ ಕಾಯುವುದು ಕರಾವಳಿಯ ಸೊತ್ತು ಮಾತ್ರವಲ್ಲ. ಕ್ರಿಸ್ತಪೂರ್ವ 5ನೆಯ ಶತಮಾನದ ಅಥೆನ್ಸ್ ನಗರದ ಪ್ರೇಕ್ಷಕನೂ ಇದೇ ಬಗೆಯವನು. ಡಯೊನೀಸಸ್ ದೇವತೆಯ ವಸಂತೋತ್ಸವದಲ್ಲಿ ಮೂವರು ಕವಿಗಳು ತಲಾ ಮೂರು ರುದ್ರನಾಟಕಗಳನ್ನೂ ಒಂದು ಸ್ಯಾಟಿರ್ ನಾಟಕವನ್ನೂ ಸ್ಪರ್ಧೆಗೆ ಒಡ್ಡುತ್ತಿದ್ದರು. ಅವುಗಳ ವಸ್ತು ಬಹುಮಟ್ಟಿಗೆ ಪುರಾಣದ್ದು. ಉತ್ಸವಕ್ಕೆ ಮುನ್ನ ‘ಪ್ರೊಆಗಾನ್’ ಎಂಬ ಒಂದು ಕಲಾಪವಿತ್ತು. ಕವಿಯು ತನ್ನ ನಟರೊಡನೆಯೂ ಮೇಳದೊಡನೆಯೂ ಸಭೆಯ ಮುಂದೆ ಬಂದು, ತಾನು ಆಡಿಸಲಿರುವ ನಾಟಕಗಳ ವಿಷಯವನ್ನು ತಿಳಿಸುತ್ತಿದ್ದನು. ನಟರು ಅಂದು ಮುಖವಾಡವಿಲ್ಲದೆ, ವೇಷವಿಲ್ಲದೆ ನಿಲ್ಲುತ್ತಿದ್ದರು. ಇಂದಿನ ಜಾಹೀರಾತಿನ ಮೂಲರೂಪವೆಂದು ಇದನ್ನು ಕರೆದರೆ ತೀರ ತಪ್ಪಾಗದು. ಕ್ರಿ.ಪೂ. 406ರಲ್ಲಿ ಯೂರಿಪಿಡೀಸನ ಮರಣವಾರ್ತೆ ಬಂದಾಗ ವೃದ್ಧ ಸೊಫೋಕ್ಲೀಸನು ಶೋಕವಸ್ತ್ರ ಧರಿಸಿ, ತನ್ನ ಮೇಳದವರನ್ನು ಹೂಮುಡಿಯಿಲ್ಲದೆ ಕರೆತಂದನೆಂದೂ ನೆರೆದ ಜನ ಕಣ್ಣೀರಿಟ್ಟರೆಂದೂ ಪ್ರಾಚೀನ ಜೀವನವೃತ್ತಾಂತವೊಂದು ಹೇಳುತ್ತದೆ. ನಾಟಕ ಇನ್ನೂ ಆರಂಭವಾಗಿರಲಿಲ್ಲ. ಆದರೂ ರಂಗಭೂಮಿಯ ಅನುಭವ ಆಗಲೇ ಆರಂಭವಾಗಿತ್ತು.

ನಟನ ಕೀರ್ತಿಯು ಕವಿಯ ಕೀರ್ತಿಯನ್ನು ನುಂಗುವ ಆತಂಕವೂ ಅಷ್ಟೇ ಹಳೆಯದು. ಕ್ರಿ.ಪೂ. 449ರ ಸುಮಾರಿಗೆ ಅಥೆನ್ಸಿನಲ್ಲಿ ರುದ್ರನಟರಿಗೇ ಪ್ರತ್ಯೇಕ ಬಹುಮಾನ ಬಂದಿತು. ಮುಂದಿನ ಶತಮಾನದಲ್ಲಿ ಅರಿಸ್ಟಾಟಲನು ತನ್ನ ಭಾಷಣಶಾಸ್ತ್ರ ಗ್ರಂಥದಲ್ಲಿ, ಈಗ ಕವಿಗಳಿಗಿಂತ ನಟರೇ ಪ್ರಬಲರಾಗಿದ್ದಾರೆಂದು ಗುರುತಿಸುತ್ತಾನೆ. ಪೋಲಸ್ ಎಂಬ ಪ್ರಸಿದ್ಧ ನಟನು ಎಲೆಕ್ಟ್ರಾಳ ಪಾತ್ರದಲ್ಲಿ ಸೋದರನ ಚಿತಾಭಸ್ಮದ ಕಲಶವನ್ನು ಹಿಡಿಯಬೇಕಾದಾಗ, ಆಗತಾನೆ ತೀರಿಕೊಂಡಿದ್ದ ತನ್ನ ಸ್ವಂತ ಮಗನ ಭಸ್ಮವನ್ನೇ ಹಿಡಿದು ಅತ್ತನೆಂಬ ಕಥೆಯನ್ನು ರೋಮನ್ ಲೇಖಕ ಆಲಸ್ ಗೆಲಿಯಸ್ ದಾಖಲಿಸಿದ್ದಾನೆ. ಆ ನಟನು ಮುಖವಾಡ ತೊಟ್ಟಿದ್ದನೆಂಬುದನ್ನು ಮರೆಯುವಂತಿಲ್ಲ. ಕಣ್ಣೀರನ್ನು ಕಂಡವರಿಲ್ಲ, ಕೇಳಿದ್ದು ಕಂಠವನ್ನು.

ಇಲ್ಲಿ ತಾಳಮದ್ದಳೆಯ ನೆನಪಾಗುವುದು ಸಹಜ. ಅಥೆನ್ಸಿನ ತಾರಾನಟನಿಗೆ ಮುಖವಾಡ; ತಾಳಮದ್ದಳೆಯ ಅರ್ಥಧಾರಿಗೆ ವೇಷವೇ ಇಲ್ಲ. ಒಂದಕ್ಕೊಂದು ವಿರುದ್ಧವೆಂದು ತೋರುವ ಈ ಎರಡು ಸ್ಥಿತಿಗಳ ಫಲ ಒಂದೇ: ಪಾತ್ರವೆಲ್ಲ ಧ್ವನಿಯಲ್ಲಿ, ಮಾತಿನಲ್ಲಿ ನಿಲ್ಲಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ದೇರಾಜೆ ಸೀತಾರಾಮಯ್ಯ, ಮಲ್ಪೆ ಶಂಕರನಾರಾಯಣ ಸಾಮಗ, ಮಲ್ಪೆ ರಾಮದಾಸ ಸಾಮಗ, ಕುಂಬಳೆ ಸುಂದರ ರಾವ್ ಮೊದಲಾದವರ ಹೆಸರು ಕೂಟದ ಪತ್ರಿಕೆಯಲ್ಲಿ ಕಂಡೊಡನೆ ಹತ್ತಾರು ಮೈಲು ದೂರದಿಂದ ಜನ ಸೇರುತ್ತಿದ್ದರೆಂದರೆ ಅದು ಅವರ ಮುಖ ನೋಡಲೆಂದಲ್ಲ. ಶೇಣಿಯವರ ವಾಲಿಯು ಸಾಯುವ ಮುನ್ನ ರಾಮನಿಗೆ ಯಾವ ಪ್ರಶ್ನೆ ಹಾಕುವನು, ರಾಮನಾದವರು ಅದಕ್ಕೆ ಏನೆಂದಾರು ಎಂಬುದೇ ನಿರೀಕ್ಷೆಯ ಕೇಂದ್ರ. ಭಾಗವತರ ಪದ್ಯ ನಿಶ್ಚಿತ, ಅರ್ಥ ಅನಿಶ್ಚಿತ. ಬಯಲಾಟದ ಜೋಡಾಟದಲ್ಲಿ ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಏಕಕಾಲಕ್ಕೆ ಆಡುವಾಗ ಈ ಸ್ಪರ್ಧಾಬುದ್ಧಿ ಬೇರೊಂದು ಬಗೆಯಲ್ಲಿ ಪ್ರಕಟವಾಗುತ್ತದೆ. ಅಲ್ಲಿ ಅಬ್ಬರ ಹೆಚ್ಚು, ವಿಚಾರ ಕಡಿಮೆ ಎಂಬ ಆಕ್ಷೇಪ ನಿರಾಧಾರವಲ್ಲ.

ಕರ್ಣ ಮತ್ತು ಈಡಿಪಸರನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಹೋಲಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಇಬ್ಬರೂ ಹುಟ್ಟಿದೊಡನೆ ತ್ಯಜಿಸಲ್ಪಟ್ಟವರು. ಒಬ್ಬನನ್ನು ಪೆಟ್ಟಿಗೆಯಲ್ಲಿಟ್ಟು ನದಿಗೆ ಬಿಡಲಾಯಿತು. ಇನ್ನೊಬ್ಬನನ್ನು ಹರಡು ಚುಚ್ಚಿ ಬೆಟ್ಟಕ್ಕೆ ಕಳುಹಿಸಲಾಯಿತು. ಇಬ್ಬರೂ ಪರರ ಮನೆಯಲ್ಲಿ ಮಗನಾಗಿ ಬೆಳೆದರು. ತಾಯಿ ಯಾರೆಂಬ ಅರಿವೇ ಇಬ್ಬರ ಬಾಳಿನ ನಡುಗಂಬ. ಆದರೆ ಈಡಿಪಸನಿಗೆ ಅರಿವು ಬರುವುದು ಎಲ್ಲವೂ ಮುಗಿದ ಮೇಲೆ. ಕರ್ಣನಿಗಾದರೋ ಯುದ್ಧಕ್ಕೆ ಮುಂಚೆಯೇ, ಕೃಷ್ಣನ ಬಾಯಿಂದ. ಅರಿತ ಬಳಿಕವೂ ಅವನು ಕೌರವನ ಪಕ್ಷದಲ್ಲಿಯೇ ಉಳಿಯುತ್ತಾನೆ. ‘ಕರ್ಣಭೇದನ’ದ ಕೂಟದಲ್ಲಿ ಪ್ರೇಕ್ಷಕನು ಉಸಿರು ಬಿಗಿಹಿಡಿದು ಕೇಳುವುದು ಈ ಉಳಿಯುವಿಕೆಯ ಕಾರಣವನ್ನು. ಸೊಫೋಕ್ಲೀಸನ ಪ್ರೇಕ್ಷಕನಿಗೆ ಗೊತ್ತಿರುವುದು ನಾಯಕನಿಗೆ ಗೊತ್ತಿಲ್ಲ. ಕರ್ಣನ ಪ್ರೇಕ್ಷಕನಿಗೆ ಗೊತ್ತಿರುವುದೆಲ್ಲ ಕರ್ಣನಿಗೂ ಗೊತ್ತು. ಆದುದರಿಂದ ಕರಾವಳಿಗೆ ರುದ್ರರಸದ ಪರಿಚಯವಿರಲಿಲ್ಲ, ಅದು ಇಂಗ್ಲಿಷ್ ಶಿಕ್ಷಣದ ಮೂಲಕ ಬಂದಿತು ಎಂಬ ಮಾತನ್ನು ಎಚ್ಚರಿಕೆಯಿಂದ ಸ್ವೀಕರಿಸಬೇಕಾಗುತ್ತದೆ.

ಗ್ರೀಕ್ ನಾಟಕದ ಗ್ರಂಥರೂಪವಂತೂ ಆ ದಾರಿಯಲ್ಲಿಯೇ ಬಂದದ್ದು ನಿಜ. ಬಿ.ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನು ಆಧರಿಸಿ ‘ಗದಾಯುದ್ಧ ನಾಟಕಂ’ ರಚಿಸಿದ ಬಳಿಕ, 1929ರಲ್ಲಿ ಸೊಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತಕ್ಕೆ ಒಗ್ಗಿಸಿ ‘ಅಶ್ವತ್ಥಾಮನ್’ ಬರೆದರು. ಈಸ್ಕಿಲಸನ ನಾಟಕದ ಅನುವಾದ ‘ಪಾರಸಿಕರು’ 1935ರಲ್ಲಿ ಬಂದಿತು. ಚಿರಂಜೀವಿಯೆಂದು ನಂಬಲಾದ ಅಶ್ವತ್ಥಾಮನಿಗೆ ರುದ್ರನಾಯಕನ ಅಂತ್ಯವನ್ನು ಕಲ್ಪಿಸಿದ್ದು ಅಂದಿನ ಮಟ್ಟಿಗೆ ಧೈರ್ಯದ ಕೆಲಸ. ತಿಳಿದ ಕಥೆಯನ್ನೇ ಬದಲಿಸಿದಾಗ ಪ್ರೇಕ್ಷಕನ ನಿರೀಕ್ಷೆ ಏನಾಗುತ್ತದೆ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಆದರೆ ಹಳಗನ್ನಡದ ಛಾಯೆಯ ಆ ಭಾಷೆ ನಾಟಕವನ್ನು ರಂಗಕ್ಕಿಂತ ತರಗತಿಗೇ ಹತ್ತಿರವಾಗಿಸಿತು.

ಗ್ರೀಕ್ ನಾಟಕವು ಕನ್ನಡದ ಸಾಮಾನ್ಯ ಪ್ರೇಕ್ಷಕನು ಎದುರುನೋಡುವ ವಸ್ತುವಾದದ್ದು 1972ರಲ್ಲಿ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಮೂರು ನಾಟಕಗಳು ಪ್ರದರ್ಶಿತವಾದವು: ಪಿ. ಲಂಕೇಶರು ಕನ್ನಡಕ್ಕೆ ತಂದ ‘ಈಡಿಪಸ್’, ಅವರದೇ ‘ಸಂಕ್ರಾಂತಿ’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’. ಆಧುನಿಕ ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಇದನ್ನು ಒಂದು ತಿರುವೆಂದು ಗುರುತಿಸುವುದು ವಾಡಿಕೆ. ಇಲ್ಲಿ ಗಮನಿಸಬೇಕಾದ ಅಂಶ ಮತ್ತೊಂದಿದೆ. ಜನರನ್ನು ಸೆಳೆದ ಹೆಸರುಗಳ ಸ್ವರೂಪವೇ ಬದಲಾಗಿತ್ತು. ‘ಸಂಸ್ಕಾರ’ ಚಿತ್ರದ (1970) ನಾರಣಪ್ಪನಾಗಿ ಲಂಕೇಶರ ಮುಖ ಪರಿಚಿತವಾಗಿತ್ತು. ಗಿರೀಶ ಕಾರ್ನಾಡರೊಡನೆ ‘ವಂಶವೃಕ್ಷ’ವನ್ನು ನಿರ್ದೇಶಿಸಿದ್ದ ಕಾರಂತರು ಹೆಸರಾಗಿದ್ದರು. ಕಂಪೆನಿ ನಾಟಕದ ಪ್ರೇಕ್ಷಕನು ನಟನಿಗಾಗಿ ಕಾದರೆ, ಇಲ್ಲಿಯ ಪ್ರೇಕ್ಷಕನು ನಿರ್ದೇಶಕನಿಗಾಗಿ, ನಾಟಕಕಾರನಿಗಾಗಿ ಕಾದನು.

ಆ ನಿರ್ದೇಶಕನು ಈ ಸೀಮೆಯವನೇ. ಬಾಬುಕೋಡಿ ವೆಂಕಟರಮಣ ಕಾರಂತರು 1929ರಲ್ಲಿ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಜನಿಸಿದರು. ಶಾಲೆಯಲ್ಲಿ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಪಾತ್ರ ಮಾಡಿ, ಹುಡುಗನಾಗಿರುವಾಗಲೇ ಮನೆ ಬಿಟ್ಟು ಗುಬ್ಬಿ ಕಂಪೆನಿ ಸೇರಿದರು. ಮುಂದೆ ಕಾಶಿಯಲ್ಲಿ ಹಿಂದಿ ಸಾಹಿತ್ಯದ ಅಧ್ಯಯನ, ಓಂಕಾರನಾಥ ಠಾಕೂರರಲ್ಲಿ ಸಂಗೀತಾಭ್ಯಾಸ, 1962ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಪದವಿ. ಯಕ್ಷಗಾನದ ಋಣ ಅವರಲ್ಲಿ ಬಹಿರಂಗವಾಗಿ ಕಾಣಿಸಿಕೊಂಡದ್ದು 1979ರಲ್ಲಿ, ‘ಮ್ಯಾಕ್‌ಬೆತ್’ನ ಹಿಂದಿ ರೂಪವಾದ ‘ಬರ್ನಮ್ ವನ’ದಲ್ಲಿ. ಆದರೆ ಸಮೂಹದ ಕಂಠವನ್ನೇ ಒಂದು ಪಾತ್ರವಾಗಿಸುವ ಅವರ ಒಟ್ಟು ರಂಗಸಂಗೀತದ ಹಿಂದೆ ಕಂಪೆನಿಯ ಹಾಡಿನೊಡನೆ ಹಿಮ್ಮೇಳದ ನೆನಪೂ ಇದೆಯೆಂದು ಭಾವಿಸಲು ಅಡ್ಡಿಯಿಲ್ಲ. ಗ್ರೀಕ್ ‘ಕೋರಸ್’ಗೆ ಕನ್ನಡದಲ್ಲಿ ಸಲ್ಲುವ ‘ಮೇಳ’ ಎಂಬ ಮಾತೇ ಕರಾವಳಿಯಲ್ಲಿ ಇಡೀ ಯಕ್ಷಗಾನ ತಂಡವನ್ನು ಸೂಚಿಸುತ್ತದೆ ಎಂಬುದು ಕೇವಲ ಶಬ್ದದ ಆಕಸ್ಮಿಕವಾಗಿರಲಾರದು. ನಾಯಕನೊಬ್ಬನೇ ರುದ್ರನಾಟಕವಲ್ಲ, ಅವನ ಪತನವನ್ನು ನೋಡಿ ಹಾಡುವ ಹದಿನೈದು ಮಂದಿ ಇಲ್ಲದಿದ್ದರೆ ಅದು ಒಬ್ಬನ ಗೋಳಾಗಿ ಉಳಿಯುತ್ತದೆ.

ತಾರಾ ಕಲಾವಿದರ ಆಧುನಿಕ ಪ್ರದರ್ಶನಗಳಲ್ಲಿ ಮೊದಲು ಪೆಟ್ಟು ಬೀಳುವುದು ಈ ಮೇಳಕ್ಕೇ. ಲಂಡನ್ನಿನಲ್ಲಿ 2024–25ರ ಒಂದೇ ಋತುವಿನಲ್ಲಿ ಎರಡು ಈಡಿಪಸ್‌ಗಳು ಬಂದವು. ರಾಬರ್ಟ್ ಐಕ್ ಅವರ ರೂಪದಲ್ಲಿ ಮಾರ್ಕ್ ಸ್ಟ್ರಾಂಗ್ ಮತ್ತು ಲೆಸ್ಲಿ ಮ್ಯಾನ್‌ವಿಲ್. ಓಲ್ಡ್ ವಿಕ್ ರಂಗಮಂದಿರದಲ್ಲಿ ಚಲನಚಿತ್ರ ತಾರೆ ರಾಮಿ ಮಾಲೆಕ್ ಮತ್ತು ಇಂದಿರಾ ವರ್ಮಾ. ಮೊದಲನೆಯದರಲ್ಲಿ ಈಡಿಪಸನು ಚುನಾವಣೆಯ ಫಲಿತಾಂಶಕ್ಕೆ ಕಾಯುವ ರಾಜಕಾರಣಿ. ರಂಗದ ಮೇಲಿನ ಗಡಿಯಾರ ಹಿಮ್ಮುಖವಾಗಿ ಎಣಿಸುತ್ತಿರುತ್ತದೆ, ಮೇಳವಿಲ್ಲ. ಎರಡನೆಯದರಲ್ಲಿ ಮೇಳವು ಮಾತನ್ನು ಬಿಟ್ಟು ನರ್ತಕರ ಗುಂಪಾಗಿತ್ತು. ಎರಡರಲ್ಲಿಯೂ ಪ್ರೇಕ್ಷಕನು ಕಾದದ್ದು ತೆರೆಯ ಮೇಲೆ ಕಂಡ ಮುಖವನ್ನು ಎದುರಿನಲ್ಲಿ ಕಾಣುವುದಕ್ಕಾಗಿ. ಕಂಠಕ್ಕಾಗಿ ಕಾಯುವುದಕ್ಕೂ ಮುಖಕ್ಕಾಗಿ ಕಾಯುವುದಕ್ಕೂ ಅಂತರವಿದೆ: ಮುಖವು ಕಂಡ ಕ್ಷಣಕ್ಕೆ ನಿರೀಕ್ಷೆ ತೀರಿಹೋಗುತ್ತದೆ, ಕಂಠದ ನಿರೀಕ್ಷೆ ಕೊನೆಯ ಮಾತಿನವರೆಗೆ ಉಳಿಯುತ್ತದೆ. ಹಾಗೆಂದು ಈ ಪ್ರದರ್ಶನಗಳನ್ನು ಹಗುರಗೊಳಿಸುವುದು ನ್ಯಾಯವಲ್ಲ. ಎಂದೂ ಸೊಫೋಕ್ಲೀಸನ ಹೆಸರು ಕೇಳದವರನ್ನು ಅವು ನಾಟಕಕ್ಕೆ ತಂದಿವೆ.

ಇದೇ ತಕ್ಕಡಿಯಲ್ಲಿ ಕರಾವಳಿಯನ್ನೂ ತೂಗಬೇಕು. ಖ್ಯಾತನಾಮರನ್ನು ತುಂಬಿಸಿದ ಕೂಟಗಳಲ್ಲಿ ಪೀಠಿಕೆಯೇ ಗಂಟೆಗಟ್ಟಲೆ ಬೆಳೆದು, ಪ್ರಸಂಗದ ಉತ್ತರಾರ್ಧ ಅವಸರದಲ್ಲಿ ಮುಗಿಯುವ ದೋಷವನ್ನು ತಾಳಮದ್ದಳೆಯ ವಿಮರ್ಶಕರು ಬಹುಕಾಲದಿಂದ ಎತ್ತಿ ತೋರಿಸಿದ್ದಾರೆ. ಕರ್ಣನ ವಾದವೈಖರಿ ಮುಗಿಯುವ ಹೊತ್ತಿಗೆ ಕರ್ಣನ ಸಾವಿಗೆ ಸಮಯವಿಲ್ಲ! ಕಾಲಮಿತಿಯ ಪ್ರಯೋಗಗಳು ಈ ದೋಷಕ್ಕೆ ಒಂದು ಕಡಿವಾಣ ಹಾಕಿವೆಯಾದರೂ, ಪದ್ಯಗಳ ಕಡಿತದಿಂದ ಅಲ್ಲಿಯೂ ಮೊದಲು ಸೊರಗಿದ್ದು ಭಾಗವತಿಕೆಯೇ. ಅಥೆನ್ಸಿನ ಮೇಳಕ್ಕೂ ಇಂಥದೇ ಗತಿ ಒದಗಿತ್ತು. ಯಾವ ನಾಟಕಕ್ಕೂ ಹೊಂದುವಂತಹ ಬಿಡಿಹಾಡುಗಳನ್ನು ನಡುನಡುವೆ ತುರುಕುವ ಪದ್ಧತಿಯನ್ನು ಅಗಾಥಾನನು ಆರಂಭಿಸಿದನೆಂದು ಅರಿಸ್ಟಾಟಲನೇ ಕಾವ್ಯಮೀಮಾಂಸೆಯಲ್ಲಿ ಹೇಳಿ, ಮೇಳವನ್ನು ನಟರಲ್ಲಿ ಒಬ್ಬನೆಂದೇ ಎಣಿಸಬೇಕೆಂದು ಸೂಚಿಸಿದ್ದಾನೆ.