ಖಡ್ಗ ತೆರೆಯ ಮೇಲೆ, ಗ್ರಂಥ ತೆರೆಮರೆಯಲ್ಲಿ

ಹಳೆಯ ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನ ಇಂದು ಹೆಚ್ಚಾಗಿ ಬದುಕಿರುವುದು ಮೊಬೈಲಿನ ತೆರೆಯ ಮೇಲೆ. ಶ್ರೀರಂಗಪಟ್ಟಣದಿಂದ ಚಾಮರಾಜನಗರ, ಗುಂಡ್ಲುಪೇಟೆ, ಉಡಿಗಾಲದವರೆಗೆ ಅವನ ಜಯಂತಿಯ ಪರವಾಗಿಯೂ ವಿರೋಧವಾಗಿಯೂ ಹರಿದಾಡುವ ಚಿತ್ರಗಳಲ್ಲಿ ಹುಲಿ ಮತ್ತು ಖಡ್ಗ ತಪ್ಪದೆ ಇರುತ್ತವೆ, ಪುಸ್ತಕ ಮಾತ್ರ ಇರುವುದಿಲ್ಲ. ಅರಬ್ಬಿ, ಫಾರಸಿ ಮತ್ತು ದಖನಿ ಹಸ್ತಪ್ರತಿಗಳ ಸುಮಾರು 2000 ಸಂಪುಟಗಳ ಗ್ರಂಥಾಲಯವೊಂದು ಅವನ ಅರಮನೆಯಲ್ಲಿತ್ತೆಂಬುದನ್ನು ಈ ಜನಪ್ರಿಯ ಕಥನವು ಹೆಚ್ಚುಕಡಿಮೆ ಮರೆತೇಬಿಟ್ಟಿದೆ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ ಈ ಸಂಗ್ರಹವು ಈಸ್ಟ್ ಇಂಡಿಯಾ ಕಂಪನಿ ಸೇನೆಯ ವಶವಾಯಿತು. ಅದರ ದೊಡ್ಡ ಪಾಲು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೆ ಹೋಯಿತು. ಕೆಲವು ಪ್ರತಿಗಳು ಏಷಿಯಾಟಿಕ್ ಸೊಸೈಟಿಗೂ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳಿಗೂ ಹಂಚಿಹೋದವು. ಕಾಲೇಜಿನ ಪಾಲಿನಲ್ಲೂ ಬಹಳಷ್ಟು ಮುಂದೆ ಲಂಡನ್ ಸೇರಿತು. ಚಾರ್ಲ್ಸ್ ಸ್ಟುವರ್ಟ್ ಎಂಬ ವಿದ್ವಾಂಸ 1809ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಅಚ್ಚು ಹಾಕಿಸಿದ ವಿವರಣಾತ್ಮಕ ಸೂಚಿಯಲ್ಲಿ ಕುರ್‌ಆನಿನ ವ್ಯಾಖ್ಯಾನಗಳು, ಪ್ರವಾದಿಯ ನುಡಿ-ನಡೆಗಳ ವರದಿಗಳಾದ ಹದೀಸ್, ಧರ್ಮಶಾಸ್ತ್ರೀಯ ನ್ಯಾಯಮೀಮಾಂಸೆಯಾದ ಫಿಕ್ಹ್, ಸೂಫಿ ಗ್ರಂಥಗಳು, ವೈದ್ಯ, ಖಗೋಳ, ಇತಿಹಾಸ, ಕಾವ್ಯ ಎಲ್ಲವೂ ವಿಷಯವಾರು ವಿಂಗಡಣೆಗೊಂಡಿವೆ.

ಈ ಸೂಚಿಯ ಸ್ವಾರಸ್ಯವೂ ಅದರ ಉದ್ಧಟತನವೂ ಮುನ್ನುಡಿಯ ಒಂದು ಮಾತಿನಲ್ಲಿವೆ. ಈ ಪುಸ್ತಕಗಳಲ್ಲಿ ಟಿಪ್ಪುವಾಗಲಿ ಅವನ ತಂದೆ ಹೈದರನಾಗಲಿ ಕೊಂಡವು ತೀರಾ ಕಡಿಮೆ, ಉಳಿದವು ಸವಣೂರು, ಕಡಪ ಮತ್ತು ಕರ್ನಾಟಿಕ್ ಪ್ರಾಂತಗಳಿಂದ ದೋಚಿ ತಂದವು ಎಂದು ಸ್ಟುವರ್ಟ್ ಅಲ್ಲಿ ದೂರುತ್ತಾನೆ. ದೂರಿನಲ್ಲಿ ಹುರುಳಿರಬಹುದು, ಏಕೆಂದರೆ ಸೋತ ನವಾಬರ ಸೊತ್ತು ಗೆದ್ದವನ ಪಾಲಾಗುವುದು ಆ ಕಾಲದ ವಾಡಿಕೆಯೇ ಆಗಿತ್ತು. ಆದರೆ ಅದೇ ಪುಸ್ತಕಗಳನ್ನು ಅದೇ ರೀತಿಯಲ್ಲಿ ಪಡೆದ ಕಂಪನಿಯ ಪ್ರಾಧ್ಯಾಪಕನೊಬ್ಬ ಹಾಗೆ ಬರೆಯುವಾಗ, ಲೂಟಿ ಎಂಬ ಮಾತು ಸವಣೂರಿಗೆ ಸಲ್ಲುವುದಾದರೆ ಶ್ರೀರಂಗಪಟ್ಟಣಕ್ಕೂ ಸಲ್ಲಬೇಕೆಂಬ ಗೊಡವೆಗೇ ಹೋಗಿಲ್ಲ.

ಟಿಪ್ಪುವಿಗೆ ಪುಸ್ತಕ ಕೇವಲ ಕೊಳ್ಳೆಯ ಸರಕಾಗಿರಲಿಲ್ಲ ಎಂಬುದಕ್ಕೆ ಸ್ಟುವರ್ಟನೇ ಸಾಕ್ಷಿ. ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ರಟ್ಟು ಕಟ್ಟಿಸಿದ ಸಂಪುಟಗಳ ಹೊದಿಕೆಯ ನಡುವಿನ ಪದಕಾಕಾರದ ಅಚ್ಚಿನಲ್ಲಿ ಅಲ್ಲಾಹು, ಮುಹಮ್ಮದ್, ಫಾತಿಮಾ, ಹಸನ್, ಹುಸೇನ್ ಎಂಬ ಹೆಸರುಗಳೂ, ನಾಲ್ಕು ಮೂಲೆಗಳಲ್ಲಿ ಮೊದಲ ನಾಲ್ವರು ಖಲೀಫರ ಹೆಸರುಗಳೂ, ಮೇಲೆ ದೇವದತ್ತ ಸರ್ಕಾರ ಎಂಬರ್ಥದ ‘ಸರ್ಕಾರ್-ಎ-ಖುದಾದಾದ್’ ಎಂಬ ಮುದ್ರೆಯೂ, ಕೆಳಗೆ ದೇವರೇ ಸಾಕು ಎಂಬರ್ಥದ ‘ಅಲ್ಲಾಹು ಕಾಫಿ’ ಎಂಬುದೂ ಇದ್ದುದನ್ನು ಅವನು ದಾಖಲಿಸಿದ್ದಾನೆ.

ಅರಮನೆಯಲ್ಲಿ ಸಿಕ್ಕವುಗಳಲ್ಲಿ ಜನರ ಕಿವಿಗೆ ಬಿದ್ದದ್ದು ಒಂದೇ: ಟಿಪ್ಪು ಸ್ವಹಸ್ತದಿಂದ ಫಾರಸಿಯಲ್ಲಿ ಬರೆದಿಟ್ಟ ಕನಸುಗಳ ದಾಖಲೆ. ಭಾರತದ ಸ್ವಾತಂತ್ರ್ಯದ 50ನೇ ವರ್ಷದ ನೆಪದಲ್ಲಿ ಗಿರೀಶ ಕಾರ್ನಾಡರು ಬಿಬಿಸಿ ರೇಡಿಯೋಗಾಗಿ ಬರೆದ ನಾಟಕವು ಇದನ್ನಾಧರಿಸಿದ್ದು, ‘ಟಿಪ್ಪುವಿನ ಕನಸುಗಳು’ ಎಂಬ ಹೆಸರಿನಲ್ಲಿ ಕನ್ನಡ ರಂಗಕ್ಕೂ ಬಂತು. ಅಷ್ಟರಲ್ಲಿ ಮನೆಮನೆಯ ಟಿಪ್ಪುವನ್ನು ದೂರದರ್ಶನ ಕಡೆದಿಟ್ಟಿತ್ತು. ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನಾಧರಿಸಿದ ‘ದ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋಗೆ ಬೆಂಕಿ ಬಿದ್ದು 62 ಜನ ಸತ್ತರು. 1990ರಲ್ಲಿ ಪ್ರಸಾರ ಆರಂಭವಾದಾಗ ಇದು ಕಲ್ಪಿತ ಕಥೆ ಎಂಬ ಷರಾವನ್ನು ಜೊತೆಗಿಡಬೇಕಾಯಿತು. ಷರಾ ಮರೆತುಹೋಯಿತು, ಖಡ್ಗ ಉಳಿಯಿತು.

ಡಿಜಿಟಲ್ ಯುಗವು ಈ ಅಸಮತೋಲವನ್ನು ಸರಿಪಡಿಸುವುದೆಂಬ ನಿರೀಕ್ಷೆಗೆ 2023 ಒಳ್ಳೆಯ ಪಾಠ ಕಲಿಸಿತು. ಆ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗವು 1.4 ಕೋಟಿ ಪೌಂಡಿಗೆ ಮಾರಾಟವಾಗಿ ಲೋಕವೆಲ್ಲ ಸುದ್ದಿಯಾಯಿತು. ಅಕ್ಟೋಬರಿನಲ್ಲಿ, ಅವನ ಹಸ್ತಪ್ರತಿಗಳ ದೊಡ್ಡ ಪಾಲನ್ನು ಕಾಯ್ದಿರುವ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ನಡೆದು, ಡಿಜಿಟಲೀಕರಣಗೊಂಡ ಹಸ್ತಪ್ರತಿಗಳು ತಿಂಗಳುಗಟ್ಟಲೆ ಯಾರಿಗೂ ಸಿಗದಂತಾದಾಗ ಇಲ್ಲಿ ಕೊರಗಿದವರು ವಿರಳ.

ಹಸ್ತಪ್ರತಿಯ ಚಿತ್ರ ಮೊಬೈಲಿಗೆ ಬಂದರೂ ಅದನ್ನು ಓದಬಲ್ಲ ಫಾರಸಿ, ಅರಬ್ಬಿ ಪಾಂಡಿತ್ಯ ಈ ಸೀಮೆಯಲ್ಲಿ ಸೊರಗುತ್ತಿರುವಾಗ, ಗ್ರಂಥಗಳನ್ನು ಮರಳಿ ತರಬೇಕೆಂಬ ಕೂಗು ಅರ್ಧ ಮಾತಷ್ಟೇ ಆಗುತ್ತದೆ. ಸ್ಟುವರ್ಟನ ಸೂಚಿಯ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಉಚಿತವಾಗಿಯೇ ಇದೆ. ಅದರ ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ಅದನ್ನು ಟಿಪ್ಪಣಿಗಳೊಡನೆ ಕನ್ನಡ ಓದುಗರ ಮುಂದಿಡಲು ಯಾವ ದೇಶದ ಅಪ್ಪಣೆಯೂ ಬೇಡ. ಜಯಂತಿಯ ಒಂದು ವರ್ಷದ ಜಗಳಕ್ಕೆ ತಗಲುವಷ್ಟು ಶ್ರಮವಿದ್ದರೆ ಆ ಕೆಲಸ ಮುಗಿದೀತು.