ಬೇಸಿಗೆಯಲ್ಲಿ ಸಾಕುಪ್ರಾಣಿಗಳೊಂದಿಗೆ ಮನೆ ಸ್ಥಳಾಂತರ: ಸಾರ್ವಜನಿಕರ ಮಾಹಿತಿಗಾಗಿ

ಶಾಲಾ ಪರೀಕ್ಷೆಗಳು ಮುಗಿದು ಬೇಸಿಗೆ ರಜೆ ಆರಂಭವಾಗುವ ಏಪ್ರಿಲ್ ಹಾಗೂ ಮೇ ತಿಂಗಳುಗಳಲ್ಲಿ ನೌಕರರ ವರ್ಗಾವಣೆ, ಮಕ್ಕಳ ವಿದ್ಯಾಭ್ಯಾಸ, ಬಾಡಿಗೆ ಕರಾರಿನ ಮುಕ್ತಾಯ ಮುಂತಾದ ಕಾರಣಗಳಿಂದ ಅನೇಕ ಕುಟುಂಬಗಳು ಒಂದು ಊರಿನಿಂದ ಮತ್ತೊಂದು ಊರಿಗೆ ಮನೆ ಬದಲಾಯಿಸುತ್ತವೆ. ಈ ಅವಧಿಯಲ್ಲಿಯೇ ಕಲಬುರಗಿ, ರಾಯಚೂರು ಭಾಗಗಳಲ್ಲಿ ಹಗಲಿನ ಗರಿಷ್ಠ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯವಾಗಿರುತ್ತದೆ. ಮನೆಯಲ್ಲಿ ನಾಯಿ, ಬೆಕ್ಕು ಮುಂತಾದ ಪ್ರಾಣಿಗಳನ್ನು ಸಾಕಿರುವ ನಾಗರಿಕರು ಆರೋಗ್ಯ ದೃಢೀಕರಣ ಪತ್ರ ಪಡೆಯುವ ಬಗೆ ಹಾಗೂ ಪ್ರಯಾಣದಲ್ಲಿ ವಹಿಸಬೇಕಾದ ಎಚ್ಚರಿಕೆಗಳ ಕುರಿತು ತಿಳಿದುಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

ಮೊದಲಿಗೆ ಗಮನಿಸಬೇಕಾದ ಅಂಶವೊಂದಿದೆ. ಸಾಮಾನ್ಯವಾಗಿ ಲಾರಿ ದೊರೆಯುವ ವೇಳೆಯನ್ನು ಅನುಸರಿಸಿ ಪ್ರಯಾಣದ ವೇಳೆಯನ್ನು ನಿಗದಿಪಡಿಸಲಾಗುತ್ತದೆ. ಪ್ರಾಣಿ ಜೊತೆಗಿರುವಾಗ ಈ ಕ್ರಮ ಸರಿಯಲ್ಲ. ಸಾಮಾನು ಒಂದು ದಿನ ತಡವಾಗಿ ತಲುಪಿದರೆ ಆಗುವ ನಷ್ಟವನ್ನು ಹಣದಲ್ಲಿ ಲೆಕ್ಕ ಹಾಕಬಹುದು. ಮಧ್ಯಾಹ್ನದ ಬಿಸಿಲಿನಲ್ಲಿ ವಾಹನದೊಳಗೆ ಕಳೆದ ಅರ್ಧ ಗಂಟೆಯು ಪ್ರಾಣಿಯ ಜೀವಕ್ಕೇ ಎರವಾಗಬಹುದು. ಆದ್ದರಿಂದ ಪ್ರಾಣಿಯ ಪ್ರಯಾಣದ ವೇಳೆಯನ್ನು ಮೊದಲು ನಿರ್ಧರಿಸಿ, ಸಾಮಾನು ಸಾಗಣೆಯನ್ನು ಅದಕ್ಕೆ ಹೊಂದಿಸಿಕೊಳ್ಳತಕ್ಕದ್ದು.

1. ಶಾಖವು ಪ್ರಾಣಿಗಳಿಗೆ ಏಕೆ ಅಪಾಯಕಾರಿ?

ಮನುಷ್ಯನ ದೇಹವು ಮುಖ್ಯವಾಗಿ ಬೆವರಿನ ಮೂಲಕ ತಂಪಾಗುತ್ತದೆ. ನಾಯಿಯು ಪಾದದ ಅಡಿಭಾಗದಲ್ಲಿ ಮಾತ್ರ ಅಲ್ಪ ಪ್ರಮಾಣದಲ್ಲಿ ಬೆವರುತ್ತದೆ. ಅದು ತನ್ನ ದೇಹದ ಶಾಖವನ್ನು ಬಹುಪಾಲು ನಾಲಿಗೆ ಚಾಚಿ ಏದುಸಿರು ಬಿಡುವ ಮೂಲಕವೇ ಹೊರಹಾಕಬೇಕಾಗುತ್ತದೆ. ಬಾಯಿಯ ತೇವವು ಆವಿಯಾದರೆ ಮಾತ್ರ ಈ ಕ್ರಿಯೆ ಫಲ ನೀಡುತ್ತದೆ. ಮುಚ್ಚಿದ ವಾಹನದಲ್ಲಿ ನಾಯಿಯ ಉಸಿರಿನಿಂದಲೇ ಗಾಳಿಯ ತೇವಾಂಶ ಹೆಚ್ಚುವುದರಿಂದ ಆವಿಯಾಗುವಿಕೆ ಕುಂಠಿತವಾಗುತ್ತದೆ. ಕರಾವಳಿ ಜಿಲ್ಲೆಗಳಲ್ಲಿ ಉಷ್ಣಾಂಶವು ಬಯಲುಸೀಮೆಗಿಂತ ಕಡಿಮೆಯಿದ್ದರೂ ಪ್ರಾಣಿಗಳು ಬಳಲಲು ಈ ತೇವಾಂಶವೇ ಕಾರಣ.

ನಿಲ್ಲಿಸಿದ ಕಾರಿನ ಒಳಗಿನ ಉಷ್ಣಾಂಶವು ಮೊದಲ 10 ನಿಮಿಷಗಳಲ್ಲಿಯೇ ಸುಮಾರು 10 ಡಿಗ್ರಿ ಏರಬಲ್ಲದು. ಗಾಜನ್ನು ಎರಡು ಬೆರಳಿನಷ್ಟು ಇಳಿಸಿಟ್ಟರೂ ಈ ಏರಿಕೆ ಹೆಚ್ಚೇನೂ ತಗ್ಗುವುದಿಲ್ಲ. "ತಿಂಡಿ ತಿಂದು ಐದು ನಿಮಿಷದಲ್ಲಿ ಬರುತ್ತೇವೆ" ಎಂದು ಹೆದ್ದಾರಿಯ ಹೋಟೆಲ್ ಮುಂದೆ ನಾಯಿಯನ್ನು ಕಾರಿನಲ್ಲಿ ಬಿಟ್ಟು ಹೋಗುವುದು ಆದಕಾರಣ ಅತ್ಯಂತ ಅಪಾಯಕಾರಿ. ಕುಟುಂಬದವರು ಸರದಿಯಂತೆ ಊಟ ಮಾಡಿ, ಒಬ್ಬರು ಸದಾ ಪ್ರಾಣಿಯೊಂದಿಗೆ ನೆರಳಿನಲ್ಲಿ ಇರತಕ್ಕದ್ದು.

ಪಗ್, ಬುಲ್‌ಡಾಗ್, ಬಾಕ್ಸರ್ ಮುಂತಾದ ಚಪ್ಪಟೆ ಮೂತಿಯ ನಾಯಿಗಳು, ಪರ್ಷಿಯನ್ ಬೆಕ್ಕುಗಳು, ವಯಸ್ಸಾದ, ಸ್ಥೂಲಕಾಯದ ಹಾಗೂ ಹೃದಯ ಮತ್ತು ಶ್ವಾಸಕೋಶದ ತೊಂದರೆಯುಳ್ಳ ಪ್ರಾಣಿಗಳು ಬಹುಬೇಗ ಶಾಖಾಘಾತಕ್ಕೆ ಒಳಗಾಗುತ್ತವೆ. ಇಂತಹ ಪ್ರಾಣಿಗಳ ಹಗಲು ಪ್ರಯಾಣವನ್ನು ಬೇಸಿಗೆಯಲ್ಲಿ ಕೈಬಿಡುವುದು ಒಳಿತು.

2. ಆರೋಗ್ಯ ದೃಢೀಕರಣ ಪತ್ರ

ಪ್ರಾಣಿಗಳ ಸಾಗಾಣಿಕೆ ನಿಯಮಗಳು, 1978ರ ಪ್ರಕಾರ ನಾಯಿ ಮತ್ತು ಬೆಕ್ಕುಗಳನ್ನು ರೈಲು, ರಸ್ತೆ, ಜಲ ಅಥವಾ ವಾಯು ಮಾರ್ಗದಲ್ಲಿ ಸಾಗಿಸುವಾಗ, ಪ್ರಾಣಿಯು ಪ್ರಯಾಣಕ್ಕೆ ಯೋಗ್ಯವಾಗಿದೆ ಹಾಗೂ ಹುಚ್ಚುನಾಯಿ ರೋಗವೂ ಸೇರಿದಂತೆ ಯಾವುದೇ ಸಾಂಕ್ರಾಮಿಕ ರೋಗದ ಲಕ್ಷಣ ಹೊಂದಿಲ್ಲ ಎಂಬ ಬಗ್ಗೆ ಅರ್ಹ ಪಶುವೈದ್ಯರಿಂದ ಪಡೆದ ದೃಢೀಕರಣ ಪತ್ರವು ಜೊತೆಯಲ್ಲಿರಬೇಕು. ಪತ್ರವನ್ನು ಕೋರುವವರು ಈ ಕೆಳಕಂಡವುಗಳೊಂದಿಗೆ ಸಮೀಪದ ಪಶು ಆಸ್ಪತ್ರೆಗೆ ಬರುವುದು:

(ಅ) ಪ್ರಾಣಿಯನ್ನು ಖುದ್ದಾಗಿ ಕರೆತರುವುದು. ಪರೀಕ್ಷಿಸದೆ ಪತ್ರ ನೀಡಲು ಬರುವುದಿಲ್ಲ.
(ಆ) ಲಸಿಕೆಗಳ ವಿವರವುಳ್ಳ ಪುಸ್ತಕ.
(ಇ) ಮಾಲೀಕರ ಗುರುತಿನ ಚೀಟಿ.
(ಈ) ಪ್ರಾಣಿಯ ತಳಿ, ಲಿಂಗ, ವಯಸ್ಸು, ಬಣ್ಣ ಹಾಗೂ ಗುರುತಿನ ಚಿಹ್ನೆಗಳ ವಿವರ.
(ಉ) ಹೊರಡುವ ಊರು, ತಲುಪುವ ಊರು, ದಿನಾಂಕ ಮತ್ತು ವಾಹನದ ಬಗೆ.

ಪತ್ರವು ಪರೀಕ್ಷೆಯ ದಿನದ ಆರೋಗ್ಯ ಸ್ಥಿತಿಯನ್ನು ಮಾತ್ರ ತಿಳಿಸುವುದರಿಂದ ಅದನ್ನು ತಿಂಗಳ ಮೊದಲೇ ಪಡೆದಿಟ್ಟುಕೊಂಡರೆ ಪ್ರಯೋಜನವಾಗದು. ಎಷ್ಟು ದಿನಗಳೊಳಗಿನ ಪತ್ರವನ್ನು ಮಾನ್ಯ ಮಾಡಲಾಗುವುದು ಎಂಬುದನ್ನು ರೈಲ್ವೆ ಅಥವಾ ವಿಮಾನಯಾನ ಸಂಸ್ಥೆಯಲ್ಲಿ ಮುಂಚಿತವಾಗಿ ವಿಚಾರಿಸುವುದು. ಆದರೆ ಲಸಿಕೆಯನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳಬಾರದು. ಮೊದಲ ಬಾರಿಗೆ ರೇಬೀಸ್ ಲಸಿಕೆ ಪಡೆಯುವ ಪ್ರಾಣಿಯಲ್ಲಿ ರಕ್ಷಣೆ ಸಾಕಷ್ಟು ಮೂಡಲು ಸುಮಾರು 21 ದಿನಗಳು ಬೇಕಾಗುತ್ತವೆ.

ಗರ್ಭಾವಸ್ಥೆಯ ಕೊನೆಯ ಹಂತದಲ್ಲಿರುವ ನಾಯಿ ಮತ್ತು ಬೆಕ್ಕುಗಳನ್ನು ಸಾಗಿಸಲು ನಿಯಮಗಳಲ್ಲಿ ಅವಕಾಶವಿಲ್ಲ. ದೂರ ಪ್ರಯಾಣದಲ್ಲಿ ಬೇಸಿಗೆಯಾದರೆ ನಾಲ್ಕು ಗಂಟೆಗೊಮ್ಮೆ, ಚಳಿಗಾಲವಾದರೆ ಆರು ಗಂಟೆಗೊಮ್ಮೆ ಸಾಕಷ್ಟು ಕುಡಿಯುವ ನೀರು ನೀಡಬೇಕೆಂದೂ ನಿಯಮಗಳು ವಿಧಿಸುತ್ತವೆ. ಇದು ಕನಿಷ್ಠ ಮಿತಿ. ಬಯಲುಸೀಮೆಯ ಬೇಸಿಗೆಯಲ್ಲಿ ಎರಡು ಗಂಟೆಗೊಮ್ಮೆ ವಾಹನ ನಿಲ್ಲಿಸಿ ನೀರು ಕುಡಿಸುವುದು ಸೂಕ್ತ.

3. ಪ್ರಯಾಣದ ಯೋಜನೆ

ಸ್ವಂತ ಅಥವಾ ಬಾಡಿಗೆ ಕಾರು: ಹವಾನಿಯಂತ್ರಣ ವ್ಯವಸ್ಥೆಯನ್ನು ಮುಂಚಿತವಾಗಿ ಪರೀಕ್ಷಿಸಿಕೊಳ್ಳುವುದು. ಉದಾಹರಣೆಗೆ, ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು, ಚಳ್ಳಕೆರೆ ಮಾರ್ಗವಾಗಿ ಬಳ್ಳಾರಿಗೆ ಸುಮಾರು 310 ಕಿ.ಮೀ. ದೂರವಿದೆ. ಬೆಳಗಿನ ಜಾವ 4 ಗಂಟೆಗೆ ಹೊರಟಲ್ಲಿ ಬಿಸಿಲು ಬಲಿಯುವ ಮುನ್ನ ಊರು ತಲುಪಬಹುದು. ಬೆಳಿಗ್ಗೆ 9 ಗಂಟೆಗೆ ಹೊರಟಲ್ಲಿ ಹಿರಿಯೂರಿನಿಂದ ಮುಂದಿನ ದಾರಿಯೆಲ್ಲ ನಡುಹಗಲಿನ ಬಿಸಿಲಿನಲ್ಲಿ ಸಾಗಬೇಕಾಗುತ್ತದೆ. ಕಲಬುರಗಿ, ಬೀದರ್‌ನಂತಹ ಇನ್ನೂ ದೂರದ ಊರುಗಳಿಗೆ ಹೋಗುವವರು ಪ್ರಯಾಣವನ್ನು ಎರಡು ಮುಂಜಾವುಗಳಿಗೆ ಹಂಚಿಕೊಂಡು, ನಡುವೆ ಪ್ರಾಣಿಗಳಿಗೆ ಅವಕಾಶವಿರುವ ವಸತಿಗೃಹವನ್ನು ಮೊದಲೇ ಕಾಯ್ದಿರಿಸುವುದು.

ಸಾಮಾನಿನ ಲಾರಿ: ಪ್ರಾಣಿಯನ್ನು ಸಾಮಾನಿನ ಜೊತೆ ಟಾರ್ಪಾಲಿನ್ ಕೆಳಗೆ ಅಥವಾ ಮುಚ್ಚಿದ ಕಂಟೇನರ್ ವಾಹನದಲ್ಲಿ ಎಂದಿಗೂ ಕಳುಹಿಸಬಾರದು. ಗಾಳಿಯಿಲ್ಲದ ಶಾಖ ಹಾಗೂ ಜರುಗುವ ಸಾಮಾನು, ಎರಡೂ ಮಾರಕವಾಗಬಲ್ಲವು.

ರೈಲು: ನಾಯಿಯನ್ನು ಮೊದಲ ದರ್ಜೆಯ ಹವಾನಿಯಂತ್ರಿತ ಬೋಗಿಯಲ್ಲಿ, ಎರಡು ಅಥವಾ ನಾಲ್ಕು ಮಲಗುವ ಸ್ಥಾನಗಳ ಕೋಣೆಯನ್ನು ಪೂರ್ಣವಾಗಿ ಕಾಯ್ದಿರಿಸಿದಲ್ಲಿ, ಜೊತೆಗೆ ಕರೆದೊಯ್ಯಬಹುದು. ಹವಾನಿಯಂತ್ರಿತ ಎರಡು ಮತ್ತು ಮೂರು ಹಂತದ ಬೋಗಿಗಳಲ್ಲಿ ಹಾಗೂ ಸ್ಲೀಪರ್ ಬೋಗಿಯಲ್ಲಿ ನಾಯಿಗೆ ಅವಕಾಶವಿಲ್ಲ. ಇಲ್ಲವಾದಲ್ಲಿ ಗಾರ್ಡ್ ವ್ಯಾನಿನ ನಾಯಿ ಪೆಟ್ಟಿಗೆಯಲ್ಲಿ ಸಾಗಿಸಬೇಕಾಗುತ್ತದೆ. ಈ ಪೆಟ್ಟಿಗೆಗೆ ಹವಾನಿಯಂತ್ರಣವಿಲ್ಲದ ಕಾರಣ ಬೇಸಿಗೆಯ ಹಗಲು ರೈಲುಗಳಲ್ಲಿ ಇದನ್ನು ಆಯ್ದುಕೊಳ್ಳದಿರುವುದು ಲೇಸು. ಪಾರ್ಸೆಲ್ ಕಚೇರಿಗೆ ದೃಢೀಕರಣ ಪತ್ರದೊಂದಿಗೆ ಸಾಕಷ್ಟು ಮುಂಚಿತವಾಗಿ ಹೋಗಿ ಶುಲ್ಕ ಪಾವತಿಸುವುದು.

ನಿದ್ರೆ ಬರಿಸುವ ಔಷಧಿಯನ್ನು ಪಶುವೈದ್ಯರ ಸಲಹೆಯಿಲ್ಲದೆ ನೀಡಬಾರದು. ಇಂತಹ ಕೆಲವು ಔಷಧಿಗಳು ದೇಹವು ತನ್ನ ಉಷ್ಣಾಂಶವನ್ನು ನಿಯಂತ್ರಿಸಿಕೊಳ್ಳುವ ಶಕ್ತಿಯನ್ನೇ ಕುಗ್ಗಿಸುತ್ತವೆ.

4. ಸಾಮಾನು ತುಂಬುವ ದಿನ

ಅನೇಕ ಪ್ರಾಣಿಗಳು ಕಳೆದುಹೋಗುವುದು ಸಾಮಾನು ತುಂಬುವ ದಿನದ ಗದ್ದಲದಲ್ಲಿ. ಬಾಗಿಲುಗಳು ತೆರೆದಿರುತ್ತವೆ, ಅಪರಿಚಿತರು ಓಡಾಡುತ್ತಿರುತ್ತಾರೆ, ಬೆಕ್ಕು ಹೆದರಿ ಓಡುತ್ತದೆ. ಒಂದು ಕೋಣೆಯನ್ನು ಮೊದಲೇ ಖಾಲಿ ಮಾಡಿ, ನೀರು, ಹಾಸಿಗೆ ಹಾಗೂ ಫ್ಯಾನಿನ ವ್ಯವಸ್ಥೆಯೊಂದಿಗೆ ಪ್ರಾಣಿಯನ್ನು ಅಲ್ಲಿರಿಸಿ, ಬಾಗಿಲ ಮೇಲೆ "ತೆರೆಯಬೇಡಿ" ಎಂಬ ಚೀಟಿ ಅಂಟಿಸುವುದು. ಕೊರಳಪಟ್ಟಿಯಲ್ಲಿ ಚಾಲನೆಯಲ್ಲಿರುವ ದೂರವಾಣಿ ಸಂಖ್ಯೆ ಇರಲಿ. ಬೆಕ್ಕನ್ನು ಗಾಳಿಯಾಡುವ ಬುಟ್ಟಿಯಲ್ಲಿ ಕೂರಲು ಒಂದೆರಡು ವಾರ ಮುಂಚಿತವಾಗಿ ಅಭ್ಯಾಸ ಮಾಡಿಸುವುದು. ಪ್ರಾಣಿಯ ಹಳೆಯ ಹಾಸಿಗೆಯನ್ನು ಒಗೆಯದೆ ಕೊಂಡೊಯ್ಯುವುದು. ಪರಿಚಿತ ವಾಸನೆಯು ಹೊಸ ಸ್ಥಳದಲ್ಲಿ ಅದಕ್ಕೆ ಧೈರ್ಯ ನೀಡುತ್ತದೆ.

5. ಶಾಖಾಘಾತವಾದಲ್ಲಿ

ನಾಯಿಯ ಸಹಜ ದೇಹ ಉಷ್ಣಾಂಶ ಸುಮಾರು 38.3 ರಿಂದ 39.2 ಡಿಗ್ರಿ ಸೆಲ್ಸಿಯಸ್. ನಿಲ್ಲದ ಏದುಸಿರು, ಜೊಲ್ಲು ಸುರಿಯುವುದು, ಒಸಡು ಕಡುಗೆಂಪಾಗುವುದು, ವಾಂತಿ, ತೂರಾಡುವಿಕೆ, ಕುಸಿದು ಬೀಳುವುದು ಶಾಖಾಘಾತದ ಲಕ್ಷಣಗಳು. ಆಗ:

(ಅ) ತಕ್ಷಣ ನೆರಳಿಗೆ ಒಯ್ದು, ಮೈಮೇಲೆ ತಂಪಾದ ನೀರನ್ನು ನಿರಂತರವಾಗಿ ಸುರಿದು ಗಾಳಿ ಬೀಸುವುದು. ಮಧ್ಯಾಹ್ನದಲ್ಲಿ ಮೇಲ್ತೊಟ್ಟಿಯ ನೀರು ಬಿಸಿಯಾಗಿರುವುದರಿಂದ ನೆಲತೊಟ್ಟಿ ಅಥವಾ ಮಡಕೆಯ ನೀರನ್ನು ಬಳಸುವುದು.
(ಆ) ಒದ್ದೆ ಬಟ್ಟೆಯನ್ನು ಮೈಗೆ ಸುತ್ತಿ ಬಿಡಬಾರದು. ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ.
(ಇ) ಪ್ರಜ್ಞೆಯಿದ್ದಲ್ಲಿ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯಲು ಬಿಡುವುದು. ಬಲವಂತವಾಗಿ ಬಾಯಿಗೆ ಹಾಕಬಾರದು.
(ಈ) ಪ್ಯಾರಾಸಿಟಮಾಲ್ ನೀಡಬಾರದು. ಇದರಿಂದ ಶಾಖಾಘಾತ ಇಳಿಯುವುದಿಲ್ಲ. ಬೆಕ್ಕಿಗಂತೂ ಇದು ವಿಷ.
(ಉ) ಮೊದಲು ತಂಪು ಮಾಡಿ, ನಂತರ ಪಶುವೈದ್ಯರಲ್ಲಿಗೆ ಕರೆದೊಯ್ಯುವುದು. ಚೇತರಿಸಿಕೊಂಡಂತೆ ಕಂಡರೂ ಮೂತ್ರಪಿಂಡ ಮುಂತಾದ ಅಂಗಗಳಿಗೆ ಆದ ಹಾನಿ ನಂತರ ತಿಳಿಯಬಹುದಾದ್ದರಿಂದ ತಪಾಸಣೆ ಅವಶ್ಯ.

6. ಹೊಸ ಮನೆಯಲ್ಲಿ

ಬೆಂಗಳೂರು ಅಥವಾ ಮಲೆನಾಡಿನ ಹವೆಗೆ ಒಗ್ಗಿದ ನಾಯಿಯು ಬಯಲುಸೀಮೆಯ ಬೇಸಿಗೆಗೆ ಹೊಂದಿಕೊಳ್ಳಲು ಕೆಲವು ವಾರಗಳು ಬೇಕಾಗುತ್ತವೆ. ಅಲ್ಲಿಯವರೆಗೆ ವಾಯುವಿಹಾರವನ್ನು ಸೂರ್ಯೋದಯಕ್ಕೆ ಮುನ್ನ ಹಾಗೂ ರಾತ್ರಿ ನೆಲ ತಣಿದ ನಂತರ ಮಾತ್ರ ಮಾಡಿಸುವುದು. ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲೆ ಐದಾರು ಸೆಕೆಂಡು ಇಡಲು ಆಗದಿದ್ದರೆ ಆ ರಸ್ತೆಯಲ್ಲಿ ನಾಯಿಯನ್ನು ನಡೆಸಬಾರದು. ಕಾಂಕ್ರೀಟ್ ಛಾವಣಿಯು ಹಗಲಿನ ಶಾಖವನ್ನು ರಾತ್ರಿಯಲ್ಲಿಯೂ ಹೊರಸೂಸುವುದರಿಂದ ಪ್ರಾಣಿಯನ್ನು ಮೇಲಂತಸ್ತಿನಲ್ಲಿ ಅಥವಾ ತಗಡಿನ ಗೂಡಿನಲ್ಲಿ ಇರಿಸದೆ, ನೆಲಮಹಡಿಯ ಶಹಾಬಾದ್ ಕಲ್ಲಿನ ನೆಲದಂತಹ ತಂಪು ಜಾಗದಲ್ಲಿ ಮಲಗಿಸುವುದು.

ಬೆಕ್ಕನ್ನು ಮೊದಲು ಒಂದೇ ಕೋಣೆಯಲ್ಲಿರಿಸಿ, ಎರಡು-ಮೂರು ವಾರಗಳವರೆಗೆ ಹೊರಗೆ ಬಿಡಬಾರದು. ಅದಕ್ಕೂ ಮೊದಲು ಬಿಟ್ಟಲ್ಲಿ ಅದು ಹಳೆಯ ಮನೆಯನ್ನು ಹುಡುಕುತ್ತಾ ದಾರಿ ತಪ್ಪುವ ಸಂಭವವಿರುತ್ತದೆ. ಹೊಸ ಮನೆಗೆ ಕೀಟನಾಶಕ ಸಿಂಪಡಿಸುವುದಿದ್ದಲ್ಲಿ ಪ್ರಾಣಿ ಬರುವ ಮೊದಲೇ ಮುಗಿಸಿ, ಮನೆಗೆ ಚೆನ್ನಾಗಿ ಗಾಳಿಯಾಡಿಸುವುದು. ನಾಯಿಗೆ ಬಳಸುವ ಪರ್ಮೆಥ್ರಿನ್ ಯುಕ್ತ ಉಣ್ಣೆ ನಿವಾರಕವನ್ನು ಬೆಕ್ಕಿಗೆ ಹಚ್ಚಬಾರದು.

7. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರ: ಹೊಸ ಊರಿನಲ್ಲಿ ನಾಯಿಗೆ ಪರವಾನಗಿ ಬೇಕೇ?
ಉ: ಪರವಾನಗಿಯ ವಿಷಯವು ಸ್ಥಳೀಯ ಸಂಸ್ಥೆಗೆ ಸಂಬಂಧಿಸಿದ್ದು. ಲಸಿಕೆ ಪುಸ್ತಕದೊಂದಿಗೆ ಅಲ್ಲಿಯ ನಗರ ಸ್ಥಳೀಯ ಸಂಸ್ಥೆಯನ್ನು ವಿಚಾರಿಸುವುದು.

ಪ್ರ: ಗಿಳಿಯನ್ನು ಜೊತೆಗೆ ಒಯ್ಯಬಹುದೇ?
ಉ: ನಮ್ಮ ದೇಶದ ಗಿಳಿಗಳು ಹಾಗೂ ನಕ್ಷತ್ರ ಆಮೆಯು ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ರಕ್ಷಣೆಯಲ್ಲಿವೆ. ಅವುಗಳನ್ನು ಹಿಡಿದು ಸಾಕುವುದೇ ಅಪರಾಧ. ಅರಣ್ಯ ಇಲಾಖೆಯನ್ನು ಸಂಪರ್ಕಿಸುವುದು.

ಪ್ರ: ವಸತಿ ಸಮುಚ್ಚಯದ ಸಂಘವು ನಾಯಿ ಸಾಕುವುದನ್ನು ನಿಷೇಧಿಸಬಹುದೇ?
ಉ: ಬಹುಮತದ ನಿರ್ಣಯದಿಂದಲೂ ಹೀಗೆ ನಿಷೇಧಿಸಲು ಬರುವುದಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಸ್ವಚ್ಛತೆ ಕಾಪಾಡುವುದು ಮಾಲೀಕರ ಹೊಣೆ.

ಪ್ರ: ಕರೆದೊಯ್ಯಲು ಸಾಧ್ಯವೇ ಇಲ್ಲದಿದ್ದರೆ ಏನು ಮಾಡಬೇಕು?
ಉ: ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ ಕಲಂ 11ರಂತೆ ಅಪರಾಧ. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯಲ್ಲಿ ನೀರು ಹುಡುಕಿಕೊಳ್ಳುವುದೂ ತಿಳಿದಿರುವುದಿಲ್ಲ. ಬೇಸಿಗೆಯಲ್ಲಿ ಅದು ಹೆಚ್ಚು ದಿನ ಉಳಿಯದು. ತಿಂಗಳ ಮೊದಲೇ ಬಂಧುಗಳು, ನೆರೆಹೊರೆಯವರು ಅಥವಾ ಪ್ರಾಣಿ ದಯಾ ಸಂಸ್ಥೆಗಳ ಮೂಲಕ ಬೇರೊಂದು ಮನೆಯನ್ನು ಹುಡುಕಿ, ಲಸಿಕೆ ಪುಸ್ತಕದೊಂದಿಗೆ ಒಪ್ಪಿಸುವುದು.

ತುರ್ತು ಸಂದರ್ಭದಲ್ಲಿ ಸಮೀಪದ ಪಶು ಆಸ್ಪತ್ರೆಗೆ ಕೂಡಲೇ ಧಾವಿಸುವುದು. ತಲುಪಬೇಕಾದ ಊರಿನ ಹಾಗೂ ದಾರಿಯ ಮುಖ್ಯ ಪಟ್ಟಣಗಳ ಪಶು ಆಸ್ಪತ್ರೆಗಳ ವಿಳಾಸ ಮತ್ತು ದೂರವಾಣಿ ಸಂಖ್ಯೆಗಳನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.