ಹೆದ್ದಾರಿಯಲ್ಲಿ ಅಲೆಯುವ ಕಾರು: ಸ್ಟೀರಿಂಗ್ ಸಡಿಲದ ಮೂಲ ಎಲ್ಲಿ?

ಊರೊಳಗಿನ ಓಡಾಟದಲ್ಲಿ ಯಾವ ದೂರಿಗೂ ಎಡೆಗೊಡದ ಕಾರು ಹೆದ್ದಾರಿಗೆ ಬಂದು ಗಂಟೆಗೆ 80 ಅಥವಾ 100 ಕಿಲೋಮೀಟರ್ ವೇಗ ಮುಟ್ಟಿದೊಡನೆ ಅತ್ತಿತ್ತ ಅಲೆಯತೊಡಗಿದರೆ, ಅದನ್ನು ನೇರ ಹಾದಿಯಲ್ಲಿಡಲು ಚಾಲಕ ಎಡೆಬಿಡದೆ ಕೈಯಾಡಿಸುತ್ತಲೇ ಇರಬೇಕಾದರೆ, ಸ್ಟೀರಿಂಗ್ ಲೂಸ್ ಆಗಿದೆ ಎಂಬ ದೂರಿನೊಡನೆ ಕಾರು ಗ್ಯಾರೇಜಿಗೆ ಬರುತ್ತದೆ. ಅಲ್ಲಿ ಸಿಗುವ ಮೊದಲ ಸಲಹೆ ಬಹುಮಟ್ಟಿಗೆ ವೀಲ್ ಅಲೈನ್‌ಮೆಂಟ್ ಮಾಡಿಸುವುದೇ ಆಗಿರುತ್ತದೆ. ಆದರೆ ಸವೆದ ಕೀಲುಗಳನ್ನು ಹಾಗೆಯೇ ಬಿಟ್ಟು ಮಾಡಿದ ಅಲೈನ್‌ಮೆಂಟ್, ಯಂತ್ರದ ಪರದೆಯ ಮೇಲೆ ಎಷ್ಟೇ ಸರಿಯಾಗಿ ಕಂಡರೂ ಕಾರು ರಸ್ತೆಗಿಳಿದ ಮೇಲೆ ಉಳಿಯಲಾರದು. ಆದ್ದರಿಂದ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ ಮುಟ್ಟಬೇಕು ಎಂಬ ಅನುಕ್ರಮವೇ ಈ ಪರೀಕ್ಷೆಯಲ್ಲಿ ಮುಖ್ಯವಾಗುತ್ತದೆ.

ಊರೊಳಗೆ ಅಡಗಿದ್ದ ದೋಷ ಹೆದ್ದಾರಿಯಲ್ಲಿ ಎದ್ದು ಕಾಣುವುದೇಕೆ ಎಂಬುದು ಒಂದು ಸರಳ ಲೆಕ್ಕದಿಂದ ತಿಳಿಯುತ್ತದೆ. ಸಣ್ಣ ಕಾರುಗಳಲ್ಲಿ ಸ್ಟೀರಿಂಗ್ ವೀಲನ್ನು ಸುಮಾರು 16 ಡಿಗ್ರಿ ತಿರುಗಿಸಿದರೆ ಮುಂದಿನ ಚಕ್ರ 1 ಡಿಗ್ರಿ ತಿರುಗುತ್ತದೆ. ಕೀಲುಗಳಲ್ಲಿ ಎಲ್ಲೋ 5 ಡಿಗ್ರಿಯಷ್ಟು ‘ಪ್ಲೇ’, ಅಂದರೆ ಚಕ್ರಕ್ಕೆ ತಲಪದೆ ನಡುವೆಯೇ ಕಳೆದುಹೋಗುವ ಚಲನೆ, ಸೇರಿಕೊಂಡಿದ್ದರೆ, ಚಾಲಕನ ಕೈ ಅಲುಗದಿದ್ದರೂ ಚಕ್ರ ತನ್ನಷ್ಟಕ್ಕೆ ಸುಮಾರು 0.3 ಡಿಗ್ರಿ ಓರೆಯಾಗಬಲ್ಲದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.4 ಮೀಟರ್ ಅಂತರವಿರುವ ಕಾರು ಇಷ್ಟು ಓರೆಯಲ್ಲಿ ಒಂದು ಸೆಕೆಂಡು ಓಡಿದರೆ, ಟೈರಿನ ಬಳುಕನ್ನು ಬದಿಗಿಟ್ಟು ಬರಿಯ ಜ್ಯಾಮಿತಿಯ ಪ್ರಕಾರ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದು ಪಕ್ಕಕ್ಕೆ ಸರಿಯುವುದು ಸುಮಾರು 8 ಸೆಂಟಿಮೀಟರ್, 100 ಕಿ.ಮೀ. ವೇಗದಲ್ಲಿ ಸುಮಾರು 84 ಸೆಂಟಿಮೀಟರ್. ಈ ಸರಿತವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಇಷ್ಟೊಂದು ವ್ಯತ್ಯಾಸ ಉಂಟಾಗುತ್ತದೆ. ಹೆದ್ದಾರಿಯ ಒಂದು ಲೇನಿನ ಅಗಲ 3.5 ಮೀಟರ್ ಇದ್ದು, ಅದರ ನಟ್ಟನಡುವೆ ಸಾಗುವ 1.7 ಮೀಟರ್ ಅಗಲದ ಕಾರಿಗೆ ಪ್ರತಿ ಬದಿಯಲ್ಲೂ ಉಳಿಯುವುದು 90 ಸೆಂಟಿಮೀಟರ್ ಮಾತ್ರ.

ಕಾನೂನು ಈ ವಿಷಯದಲ್ಲಿ ತೀರ ಉದಾರವಾಗಿದೆ ಎನ್ನಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮವು ಸ್ಟೀರಿಂಗ್ ವೀಲಿನಲ್ಲಿ 30 ಡಿಗ್ರಿ ಮೀರಿದ ಪ್ಲೇ ಇರಕೂಡದೆಂದು ಹೇಳುತ್ತದೆ. 37 ಸೆಂಟಿಮೀಟರ್ ವ್ಯಾಸದ ವೀಲಿನ ಅಂಚಿನಲ್ಲಿ ಅಳೆದರೆ ಇದು 9 ಸೆಂಟಿಮೀಟರಿಗೂ ಹೆಚ್ಚು. ಸಣ್ಣ ಕಾರುಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ ಇದರ ಮೂರನೆಯ ಒಂದು ಭಾಗದಷ್ಟು, ಅಂದರೆ ಸುಮಾರು 30 ಮಿಲಿಮೀಟರ್. ಲಾರಿಯಿಂದ ಹಿಡಿದು ಕಾರಿನವರೆಗೆ ಎಲ್ಲಕ್ಕೂ ಅನ್ವಯಿಸುವ ಕಾನೂನಿನ ಅಂಕಿಯೊಳಗೆ ಇದ್ದ ಮಾತ್ರಕ್ಕೆ ಕಾರು ಹೆದ್ದಾರಿಗೆ ಯೋಗ್ಯವೆಂದು ಭಾವಿಸಲಾಗದು.

ಸಡಿಲವೆಂದು ಹೇಳಲಾಗುವ ತೊಂದರೆಗಳೆಲ್ಲ ಒಂದೇ ಮೂಲದವಲ್ಲ. ವೀಲನ್ನು ತುಸು ತಿರುಗಿಸಿದರೂ ಕಾರು ಪ್ರತಿಕ್ರಿಯಿಸದಿದ್ದರೆ ಕೀಲುಗಳ ಸವೆತವನ್ನು ಶಂಕಿಸಬೇಕು. ಪ್ರತಿಕ್ರಿಯೆ ತಕ್ಷಣವೇ ಇದ್ದೂ ಕಾರು ಅಲೆಯುತ್ತಿದ್ದರೆ ಟೈರು, ಅಲೈನ್‌ಮೆಂಟ್ ಅಥವಾ ಬುಷ್‌ಗಳ ಕಡೆಗೆ ನೋಡಬೇಕು. 80ರ ಆಸುಪಾಸಿನಲ್ಲಿ ಸ್ಟೀರಿಂಗ್ ನಡುಗಿ, ವೇಗ ಬದಲಾದಾಗ ನಡುಕ ನಿಂತರೆ ಅದು ಬಹುತೇಕ ವೀಲ್ ಬ್ಯಾಲೆನ್ಸಿಂಗ್‌ನ ದೋಷವಾಗಿರುತ್ತದೆ. ರಸ್ತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ: ಮಳೆನೀರು ಹರಿದುಹೋಗಲೆಂದು ರಸ್ತೆಯ ಮೇಲ್ಮೈಯನ್ನು ಅಂಚಿನ ಕಡೆಗೆ ಸುಮಾರು ಶೇಕಡ 2ರಷ್ಟು ಇಳಿಜಾರಾಗಿ ಕಟ್ಟಿರುತ್ತಾರೆ, ಆದ್ದರಿಂದ ಎಡಬದಿಯಲ್ಲಿ ಸಾಗುವ ಕಾರು ನಿಧಾನವಾಗಿ ಎಡಕ್ಕೆ ವಾಲುವುದು ಸಹಜ, ಗಾಳಿಯಂತ್ರಗಳ ಸಾಲನ್ನೇ ಕಾಣಬಹುದಾದ ಚಿತ್ರದುರ್ಗದ ಸುತ್ತಿನಂತಹ ಬಯಲುಗಳಲ್ಲಿ ಅಡ್ಡಗಾಳಿಯೂ ಕಾರನ್ನು ತಳ್ಳುತ್ತದೆ.

ಪರೀಕ್ಷೆ ತೊಡಗಬೇಕಾದದ್ದು ಖರ್ಚಿಲ್ಲದ ಕಡೆಯಿಂದ, ಅಂದರೆ ಟೈರಿನ ಗಾಳಿಯಿಂದ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಪಟ್ಟಿಯ ಪ್ರಕಾರ, ಟೈರು ತಣ್ಣಗಿರುವಾಗ, ನಾಲ್ಕೂ ಚಕ್ರಗಳ ಒತ್ತಡವನ್ನು ಅಳೆಯಬೇಕು. ಹಿಂದಿನ ಟೈರುಗಳಲ್ಲಿ ಗಾಳಿ ಕಡಿಮೆಯಾದಾಗ ಕಾರಿನ ಹಿಂಭಾಗ ಬಳುಕುತ್ತದೆ, ಚಾಲಕ ಅದರ ದೂರನ್ನು ಸ್ಟೀರಿಂಗ್ ಮೇಲೆ ಹೊರಿಸುತ್ತಾನೆ. ಡಿಕ್ಕಿಯಲ್ಲಿ ಭಾರೀ ಸಾಮಾನು ತುಂಬಿದಾಗ ಮುಂದಿನ ಚಕ್ರಗಳ ಮೇಲಿನ ಹೊರೆ ತಗ್ಗಿ ಸ್ಟೀರಿಂಗ್ ಹಗುರವೆನಿಸುವುದೂ ಇದೇ ಬಗೆಯದು. ಕಾರು ಒಂದೇ ಕಡೆಗೆ ಎಳೆಯುತ್ತಿದ್ದರೆ ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡಿ ನೋಡಬಹುದು, ಏಕೆಂದರೆ ಎಳೆತವೂ ದಿಕ್ಕು ಬದಲಿಸಿದರೆ ದೋಷ ಟೈರಿನಲ್ಲಿದೆ ಎಂಬುದು ನಿಶ್ಚಿತವಾಗುತ್ತದೆ. ಒಂದೇ ದಿಕ್ಕಿನಲ್ಲಿ ಉರುಳಬೇಕೆಂದು ಬಾಣದ ಗುರುತಿರುವ ಟೈರುಗಳಿಗೆ ಮಾತ್ರ ಈ ಉಪಾಯ ಸಲ್ಲದು.

ಮುಂದಿನ ಹಂತ ಕೀಲುಗಳದು. ಇಲ್ಲಿ ಆತುರ ಸಲ್ಲದು. ಈಗಿನ ಬಹುಪಾಲು ಕಾರುಗಳಲ್ಲಿ ಸ್ಟೀರಿಂಗ್ ಕಂಬದ ತುದಿಯ ‘ಪಿನಿಯನ್’ ಎಂಬ ಸಣ್ಣ ಹಲ್ಲುಚಕ್ರವು ‘ರ‍್ಯಾಕ್’ ಎಂಬ ಹಲ್ಲಿನ ಸರಳನ್ನು ಎಡಬಲಕ್ಕೆ ಸರಿಸುತ್ತದೆ, ರ‍್ಯಾಕಿನ ಎರಡು ಕೊನೆಗಳಿಗೆ ಜೋಡಿಸಿದ ಟೈ ರಾಡ್‌ಗಳು ಆ ಚಲನೆಯನ್ನು ಚಕ್ರಗಳಿಗೆ ಮುಟ್ಟಿಸುತ್ತವೆ. ಕಾರಿನ ಪೂರ್ಣ ಭಾರ ಚಕ್ರಗಳ ಮೇಲಿರುವಂತೆ ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ, ಒಬ್ಬರು ಸ್ಟೀರಿಂಗ್ ವೀಲನ್ನು ಅತ್ತಿತ್ತ ಸ್ವಲ್ಪವೇ ಆಡಿಸುತ್ತಿರುವಾಗ, ಇನ್ನೊಬ್ಬರು ಕೆಳಗಿನಿಂದ ಒಂದೊಂದು ಜೋಡಣೆಯ ಮೇಲೂ ಕೈಯಿಟ್ಟು ಗಮನಿಸಬೇಕು. ಯಾವ ಕೀಲಿನ ಒಂದು ಬದಿಗೆ ಚಲನೆ ತಲಪಿ ಇನ್ನೊಂದು ಬದಿಗೆ ದಾಟುವುದಿಲ್ಲವೋ ಸವೆತ ಅಲ್ಲಿದೆ. ಕಂಬದ ಕೆಳತುದಿಯ ಯೂನಿವರ್ಸಲ್ ಜಾಯಿಂಟ್, ರ‍್ಯಾಕನ್ನು ಕಾರಿನ ಅಡಿಗಟ್ಟಿಗೆ ಹಿಡಿದಿಡುವ ರಬ್ಬರ್ ಬುಷ್, ರಬ್ಬರ್ ಚೀಲದೊಳಗೆ ಅಡಗಿರುವ ಒಳ ಟೈ ರಾಡ್, ಹೊರತುದಿಯ ಟೈ ರಾಡ್ ಎಂಡ್ ಇವುಗಳನ್ನು ಇದೇ ಕ್ರಮದಲ್ಲಿ ನೋಡುತ್ತ ಹೋದರೆ ಬಿಟ್ಟುಹೋಗುವುದೇನೂ ಇರುವುದಿಲ್ಲ. ಟೈ ರಾಡ್ ಎಂಡಿನ ರಬ್ಬರ್ ಹೊದಿಕೆ ಹರಿದಿದ್ದರೆ ಒಳಗಿನ ಗ್ರೀಸು ಹೊರಹೋಗಿ ನೀರು, ಧೂಳು ಸೇರಿರುತ್ತವೆ. ಅಂತಹ ಕೀಲು ಇನ್ನೂ ಬಿಗಿಯಾಗಿದ್ದರೂ ಬದಲಿಸುವುದೇ ಲೇಸು, ಏಕೆಂದರೆ ಅದು ಕಳಚಿಕೊಂಡರೆ ಆ ಚಕ್ರದ ಮೇಲೆ ಚಾಲಕನಿಗೆ ಯಾವ ಹತೋಟಿಯೂ ಇರುವುದಿಲ್ಲ.

ಬಳಿಕ ಕಾರನ್ನು ಜಾಕಿನಿಂದ ಎತ್ತಿ, ಜಾಕನ್ನೇ ನಂಬದೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರವನ್ನು ಕೈಯಿಂದ ಅಲುಗಿಸಬೇಕು. ಎಡಬಲದ ಅಂಚುಗಳನ್ನು ಹಿಡಿದು ಅಲುಗಿಸಿದಾಗ ಕಾಣುವ ಸಡಿಲ ಸಾಮಾನ್ಯವಾಗಿ ಟೈ ರಾಡ್ ಅಥವಾ ರ‍್ಯಾಕಿನದು, ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಕಾಣುವುದು ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗಿನದು. ಆಗ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದೊಡನೆ ಸಡಿಲ ಮಾಯವಾದರೆ ಬೇರಿಂಗ್ ಸವೆದಿದೆ ಎಂದರ್ಥ. ಬ್ರೇಕ್ ಹಾಕಿದಾಗ ಒಂದೆಡೆಗೂ ವೇಗ ಹೆಚ್ಚಿಸಿದಾಗ ಇನ್ನೊಂದೆಡೆಗೂ ಕಾರು ಸಿಡಿಯುತ್ತಿದ್ದರೆ, ಲೋವರ್ ಆರ್ಮಿನ ಬುಷ್ ಹರಿದು ಚಕ್ರವೇ ಹಿಂದುಮುಂದು ಸರಿಯುತ್ತಿರುವ ಸಾಧ್ಯತೆ ಹೆಚ್ಚು.

ಇಷ್ಟಾದ ಮೇಲೆ ಅಲೈನ್‌ಮೆಂಟಿನ ಸರದಿ. ಮುಂದಿನ ಎರಡು ಚಕ್ರಗಳ ಮುಂಬದಿಗಳು ಒಂದರ ಕಡೆಗೊಂದು ಅಥವಾ ಹೊರಕ್ಕೆ ತಿರುಗಿರುವ ಅಳತೆಗೆ ‘ಟೋ’ ಎನ್ನುತ್ತಾರೆ. ಹೊರಮುಖದ ಟೋ ಹೆಚ್ಚಾದರೆ ರಸ್ತೆಯ ಪ್ರತಿ ಉಬ್ಬಿಗೂ ಕಾರು ದಿಕ್ಕು ಬದಲಿಸಲು ಹವಣಿಸುತ್ತದೆ. ಟೈರಿನ ಮೈಮೇಲೆ ಅಡ್ಡಲಾಗಿ ಅಂಗೈ ಆಡಿಸಿದಾಗ ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಮರುದಿಕ್ಕಿನಲ್ಲಿ ಗರಗಸದ ಹಲ್ಲಿನಂತೆಯೂ ತೋರಿದರೆ ಟೋ ತಪ್ಪಿದೆ ಎಂದು ತಿಳಿಯಬಹುದು. ‘ಕ್ಯಾಸ್ಟರ್’ ಎಂಬುದು ಚಕ್ರ ತಿರುಗುವ ಅಕ್ಷವು ಮೇಲ್ಭಾಗದಲ್ಲಿ ಹಿಂದಕ್ಕೆ ವಾಲಿರುವ ಕೋನ. ಕೈಬಿಟ್ಟರೂ ಸೈಕಲ್ಲಿನ ಮುಂಚಕ್ರ ನೇರ ಸಾಗಲು ನೆರವಾಗುವ ಓರೆಯಂತೆಯೇ ಇದು ಸ್ಟೀರಿಂಗನ್ನು ತಾನಾಗಿ ಮಧ್ಯಕ್ಕೆ ಮರಳಿಸುತ್ತದೆ. ಅನೇಕ ಸಣ್ಣ ಕಾರುಗಳಲ್ಲಿ ಇದನ್ನು ಹೊಂದಿಸುವ ವ್ಯವಸ್ಥೆಯೇ ಇರುವುದಿಲ್ಲ, ಹೀಗಾಗಿ ಅಳತೆ ತಪ್ಪಿದೆಯೆಂದರೆ ಗುಂಡಿಗೋ ಅಪಘಾತಕ್ಕೋ ಸಿಕ್ಕಿ ಯಾವುದೋ ಭಾಗ ಬಾಗಿದೆ ಎಂದೇ ಅರ್ಥ.

ಪ್ಲೇ ಎಲ್ಲೂ ಇಲ್ಲದೆ ಸ್ಟೀರಿಂಗ್ ಬರಿದೇ ಹಗುರವೆನಿಸಿದರೆ ಅದು ವಿದ್ಯುತ್ ಪವರ್ ಸ್ಟೀರಿಂಗಿನ ಗುಣವೂ ಆಗಿರಬಹುದು. 1988ರಲ್ಲಿ ಸುಝುಕಿ ಸೆರ್ವೊ ಕಾರಿನೊಡನೆ ಮಾರುಕಟ್ಟೆಗೆ ಬಂದ ಈ ವ್ಯವಸ್ಥೆಯಲ್ಲಿ ಮೋಟಾರಿನ ನೆರವು ವೇಗ ಏರಿದಂತೆ ತಗ್ಗಬೇಕು. ತಗ್ಗದಿದ್ದರೆ ಅಥವಾ ಎಚ್ಚರಿಕೆಯ ದೀಪ ಹತ್ತಿದರೆ ಸ್ಪ್ಯಾನರಿಗಿಂತ ಮೊದಲು ಸ್ಕ್ಯಾನರನ್ನು ಜೋಡಿಸಬೇಕಾಗುತ್ತದೆ.

ಎಲ್ಲಕ್ಕೂ ಕೊನೆಗೆ ಮುಟ್ಟಬೇಕಾದದ್ದು, ಆದರೆ ಅವಸರದಲ್ಲಿ ಮೊದಲೇ ತಿರುಗಿಸಿಬಿಡುವುದು, ರ‍್ಯಾಕನ್ನು ಪಿನಿಯನ್‌ಗೆ ಒತ್ತಿ ಹಿಡಿಯುವ ಹೊಂದಾಣಿಕೆಯ ನಟ್ಟು. ಅದನ್ನು ಬಿಗಿ ಮಾಡಿದರೆ ಕೈಗೆ ಸಿಗುವ ಪ್ಲೇ ಕಡಿಮೆಯಾದಂತೆ ತೋರುತ್ತದೆ ನಿಜ. ಆದರೆ ಬಿಗಿ ಹೆಚ್ಚಾದರೆ ಸ್ಟೀರಿಂಗ್ ತಾನಾಗಿ ಮಧ್ಯಕ್ಕೆ ಮರಳದೆ ತಿರುಗಿಸಿದಲ್ಲೇ ನಿಂತುಬಿಡುತ್ತದೆ, ಪ್ರತಿ ಸಣ್ಣ ತಿದ್ದುಪಡಿಯನ್ನೂ ಚಾಲಕ ಮತ್ತೆ ಹಿಂದಕ್ಕೆ ತಿದ್ದಬೇಕಾಗುತ್ತದೆ, ಮತ್ತು 100ರ ವೇಗದಲ್ಲಿ ಕಾರು ಮೊದಲಿಗಿಂತ ಹೆಚ್ಚಾಗಿ ಅಲೆಯುತ್ತದೆ. ಆ ನಟ್ಟನ್ನು ಎಷ್ಟು ಬಿಗಿದು ಎಷ್ಟು ಹಿಂದಕ್ಕೆ ಬಿಡಬೇಕೆಂಬುದನ್ನು ಆಯಾ ಕಾರಿನ ವರ್ಕ್‌ಶಾಪ್ ಕೈಪಿಡಿ ನಿಗದಿಪಡಿಸುತ್ತದೆ. ಮಧ್ಯಭಾಗದ ಹಲ್ಲುಗಳೇ ಸವೆದ ರ‍್ಯಾಕನ್ನು ಆ ಅಳತೆಯೂ ಸರಿಪಡಿಸದು, ಅದನ್ನು ಬದಲಿಸಲೇಬೇಕಾಗುತ್ತದೆ.